ಎಂಸಿಎಗೆ ಮುಂಚೆ ಎರಡು ತಿಂಗಳು, ಒಂದು ರಫ್ ಪುಸ್ತಕ

ನಾನು ಬಿಎಸ್ಸಿ ಗಣಿತ ಮುಗಿಸಿ ಎಂಸಿಎ, ಅಂದರೆ ಕಂಪ್ಯೂಟರ್ ಅಪ್ಲಿಕೇಶನ್ಸ್ ಸ್ನಾತಕೋತ್ತರ ಪದವಿಗೆ ಸೇರಿದವನು. ಮೊದಲು ಎಂಸಿಎ ಮೂರು ವರ್ಷ ಇತ್ತು, ಬುಡದಿಂದ ಕಲಿಯಲು ಸಮಯ ಸಿಗುತ್ತಿತ್ತು. 2020ರಿಂದ ಎರಡೇ ವರ್ಷ. ಹಾಗಾಗಿ ಬುಡ ಗಟ್ಟಿ ಮಾಡುವ ಕೆಲಸ ಮನೆಯಲ್ಲೇ ಆಗಬೇಕು.

ನನಗೆ ಸಿಕ್ಕಿದ್ದು ನಮ್ಮೂರು, ಕಾಸರಗೋಡು ಜಿಲ್ಲೆಯ ಬದಿಯಡ್ಕದ ಮಳೆಗಾಲದ ಎರಡು ತಿಂಗಳು. ಮೊದಲ ವಾರ ಮೆಷಿನ್ ಲರ್ನಿಂಗ್ ವಿಡಿಯೋ ನೋಡಿ ಸುಮ್ನೆ ಹಾಳು ಮಾಡಿದೆ. ಅದು ಆಮೇಲೆ ಇದ್ದೇ ಉಂಟು. ನೀವು ಸಿ ಎಂಬ ಪ್ರೋಗ್ರಾಮಿಂಗ್ ಭಾಷೆ ಮತ್ತು ಡೇಟಾ ಸ್ಟ್ರಕ್ಚರ್ (ಮಾಹಿತಿಯನ್ನು ಜೋಡಿಸಿಡುವ ರೀತಿಗಳು) ಹಿಡಿಯಿರಿ. ಐದು ವಾರ ಇದಕ್ಕೇ ಕೊಡಿ.

ಕೋಡನ್ನು ಕಾಗದದ ಮೇಲೆ ಓಡಿಸಿ, ಅಂದರೆ ಒಂದೊಂದು ಸಾಲಿಗೂ ಏನಾಗುತ್ತದೆಂದು ಕೈಯಲ್ಲೇ ಬರೆದು ನೋಡಿ. ನಾನು ಇದನ್ನು ಕಲಿತದ್ದು ಕರೆಂಟ್ ಹೋದದ್ದರಿಂದ, ಬುದ್ಧಿವಂತಿಕೆಯಿಂದಲ್ಲ! ಬೈನರಿ ಸರ್ಚ್ (ಕ್ರಮವಾಗಿ ಜೋಡಿಸಿದ ಪಟ್ಟಿಯನ್ನು ಪ್ರತಿ ಸಲ ಅರ್ಧ ಮಾಡುತ್ತಾ ಹುಡುಕುವ ವಿಧಾನ) ಬರೆದಿದ್ದೆ, ಪ್ರೋಗ್ರಾಂ ನಿಲ್ಲುತ್ತಲೇ ಇರಲಿಲ್ಲ. ಚಿಮಿಣಿ ದೀಪದ ಬೆಳಕಲ್ಲಿ ಲೋ (ಹುಡುಕುವ ಭಾಗದ ಶುರು), ಹೈ (ಅದರ ಕೊನೆ), ಮಿಡ್ (ನಡು) ಅಂತ ಮೂರು ಗೀಟು ಹಾಕಿ, ಸ್ಥಾನಗಳನ್ನು ಸೊನ್ನೆಯಿಂದ ಎಣಿಸಿ, ಏಳು ಸಂಖ್ಯೆಗಳಲ್ಲಿ ಕೊನೆಯದನ್ನು ಹುಡುಕಿದೆ. ಲೋ 5, ಹೈ 6 ಆದಾಗ ಮಿಡ್ 5. ಮತ್ತೆ ಲೋ 5. ಮತ್ತೆ ಮಿಡ್ 5. ಲೋಗೆ ಮಿಡ್ ಅಲ್ಲ, ಮಿಡ್‌ಗೆ ಒಂದು ಕೂಡಿಸಿ ಕೊಡಬೇಕಿತ್ತು. ಇದು ಸರಿಯಾದರೆ ಏರಿಕೆ ಕ್ರಮದಲ್ಲಿ ಜೋಡಿಸಿದ 10 ಲಕ್ಷ ಸಂಖ್ಯೆಗಳಲ್ಲೂ ಹೆಚ್ಚೆಂದರೆ 20 ಹೆಜ್ಜೆಯಲ್ಲಿ ಹುಡುಕಬಹುದು. ಒಂದೊಂದಾಗಿ ನೋಡುತ್ತಾ ಹೋದರೆ 10 ಲಕ್ಷ ಹೆಜ್ಜೆ ಬೇಕಾದೀತು.

ಲಿಂಕ್ಡ್ ಲಿಸ್ಟನ್ನು (ಪ್ರತಿಯೊಂದೂ ಮುಂದಿನದನ್ನು ತೋರಿಸುವ ಪಟ್ಟಿ) ಪೆಟ್ಟಿಗೆ, ಬಾಣ ಬಿಡಿಸಿ ಹಿಂದುಮುಂದು ಮಾಡಿ ನೋಡಿ. ಮೆಮೊರಿಯ ವಿಳಾಸ ಹಿಡಿದಿಡುವ ಪಾಯಿಂಟರ್‌ನ ಹೆದರಿಕೆ ಅಲ್ಲೇ ಹೋಗುತ್ತದೆ. ರಿಕರ್ಶನ್‌ಗೂ (ಫಂಕ್ಷನ್ ತನ್ನನ್ನೇ ಕರೆಯುವುದು) ಇದೇ ಮದ್ದು. ಬಿಂದುಗಳನ್ನು ಗೆರೆಗಳಿಂದ ಜೋಡಿಸುವ ಗ್ರಾಫಿಗೆ ನಾನು ನಮ್ಮ ಬಸ್ ರೂಟನ್ನೇ ತೆಗೆದುಕೊಂಡೆ. ಕುಂಬಳೆ, ಬದಿಯಡ್ಕ, ಚೆರ್ಕಳ, ಕಾಸರಗೋಡು, ಮತ್ತೆ ಕುಂಬಳೆ: ಒಂದು ಸುತ್ತು. ಹೋಗಿ ಬಂದ ಊರಿಗೆ ಗುರುತು ಹಾಕದಿದ್ದರೆ ಬಸ್ಸು ಸುತ್ತುತ್ತಲೇ ಇರುತ್ತದೆ ಅಲ್ವಾ? ಹೀಗೆ ಗುರುತಿಡುವ ವಿಸಿಟೆಡ್ ಪಟ್ಟಿ ಯಾಕೆ ಬೇಕೆಂದು ಅಲ್ಲಿ ಅರ್ಥವಾಯಿತು.

ಉಳಿದ ಮೂರು ವಾರದಲ್ಲಿ ಆಪರೇಟಿಂಗ್ ಸಿಸ್ಟಂ, ಡೇಟಾಬೇಸ್, ನೆಟ್‌ವರ್ಕ್. ಐಐಟಿ ಮೊದಲಾದ ಸಂಸ್ಥೆಗಳ ಆನ್‌ಲೈನ್ ಪಾಠದ ತಾಣ ಎನ್‌ಪಿಟೆಲ್‌ನ ಪಾಠಗಳು ಪುಕ್ಕಟೆ. ಆದರೆ ಪೂರ್ತಿ ನೋಡಲು ಕೂತರೆ ಮುಗಿಯುವುದಿಲ್ಲ ಮಾರಾಯ್ರೆ. ಎಂಜಿನಿಯರಿಂಗ್ ಸ್ನಾತಕೋತ್ತರ ಪ್ರವೇಶದ ಗೇಟ್ ಪರೀಕ್ಷೆಯ ಹಳೆಯ ಪ್ರಶ್ನೆ ಬಿಡಿಸಿ, ಸಿಕ್ಕಿಬಿದ್ದ ಕಡೆ ಮಾತ್ರ ಪಾಠ ಕೇಳಿ. ಪ್ರೋಸೆಸ್, ಥ್ರೆಡ್, ಪೇಜಿಂಗ್, ಜಾಯಿನ್, ಟಿಸಿಪಿ ಇಷ್ಟು ತಿಳಿದರೆ ಕ್ಲಾಸಿನಲ್ಲಿ ಏನೂ ಅರ್ಥವಾಗದೆ ಕಣ್ಣು ಕಣ್ಣು ಬಿಡಬೇಕಾಗುವುದಿಲ್ಲ.

ಕನ್ನಡ ಮೀಡಿಯಂನವರಾದರೆ ನೋಟ್ಸನ್ನು ಕನ್ನಡದಲ್ಲೇ ಬರೆಯಿರಿ, ಪಾರಿಭಾಷಿಕ ಪದ ಮಾತ್ರ ಇಂಗ್ಲಿಷಿನದ್ದು ಇರಲಿ. ನನ್ನ ರಫ್ ಪುಸ್ತಕ 200 ಪುಟದ್ದು. ಅದರಲ್ಲಿ ಅರ್ಧಕ್ಕರ್ಧ ಬರೀ ಪೆಟ್ಟಿಗೆ, ಬಾಣ.