ಪಂಪಿಗೆ ನಿಧಾನದ ಉಸಿರು, ಪುಡಿಗೆ ರಭಸದ ಉಸಿರು

ಅಸ್ತಮಾ ಅಥವಾ ಸಿಒಪಿಡಿ (ಶ್ವಾಸಕೋಶಕ್ಕೆ ಗಾಳಿ ಸರಾಗವಾಗಿ ಆಡದ ದೀರ್ಘಕಾಲದ ಕಾಯಿಲೆ) ಇರುವವರ ಮನೆಗಳಲ್ಲಿ ಹೆಚ್ಚಾಗಿ ಕಾಣಸಿಗುವ ಇನ್‌ಹೇಲರ್‌ಗಳು, ಎಂದರೆ ಔಷಧವನ್ನು ಉಸಿರಿನೊಂದಿಗೆ ಒಳಗೆಳೆಯುವ ಸಾಧನಗಳು, ಎರಡು: ಒತ್ತಿದರೆ ಔಷಧ ಚಿಮ್ಮುವ ಪಂಪು ಮತ್ತು ಕ್ಯಾಪ್ಸೂಲಿನ ಪುಡಿಯನ್ನು ಎಳೆದುಕೊಳ್ಳುವ ರೋಟಾಹೇಲರ್. ಇವೆರಡಕ್ಕೆ ಬೇಕಾದ ಉಸಿರು ತದ್ವಿರುದ್ಧವಾದುದರಿಂದ, ಒಂದರ ರೂಢಿಯಲ್ಲೇ ಇನ್ನೊಂದನ್ನು ಬಳಸಿದರೆ ಔಷಧದ ಬಹುಪಾಲು ಬಾಯಿ, ಗಂಟಲಲ್ಲೇ ಉಳಿದುಬಿಡುತ್ತದೆ.

ಪಂಪಿನ ಮುಚ್ಚಳ ತೆಗೆದು ಚೆನ್ನಾಗಿ ಕುಲುಕಿರಿ. ನೆಟ್ಟಗೆ ಕುಳಿತು, ಉಸಿರನ್ನು ಪೂರ್ತಿ ಹೊರಬಿಟ್ಟು, ಪಂಪಿನ ಬಾಯಿಯನ್ನು ತುಟಿಗಳಿಂದ ಬಿಗಿಯಾಗಿ ಹಿಡಿದು, ಉಸಿರೆಳೆಯಲು ತೊಡಗಿದೊಡನೆ ಒಮ್ಮೆ ಮಾತ್ರ ಒತ್ತಿ, ಮೂರರಿಂದ ಐದು ಸೆಕೆಂಡುಗಳವರೆಗೆ ನಿಧಾನವಾಗಿ ಎಳೆಯುತ್ತಾ ಹೋಗಬೇಕು. ಬಳಿಕ ಸಾಧ್ಯವಾದರೆ 10 ಸೆಕೆಂಡು ಉಸಿರು ಬಿಗಿಹಿಡಿಯಿರಿ. ಎರಡನೆಯ ಸಲ ಒತ್ತುವುದಿದ್ದರೆ ಅರ್ಧ ನಿಮಿಷವಾದರೂ ಬಿಟ್ಟು, ಮತ್ತೆ ಕುಲುಕಿಯೇ ಒತ್ತಬೇಕು. ಒತ್ತುವುದಕ್ಕೂ ಎಳೆಯುವುದಕ್ಕೂ ತಾಳೆಯಾಗದಿರುವುದು ಸಾಮಾನ್ಯ; ಅದಕ್ಕಾಗಿಯೇ ಸ್ಪೇಸರ್ ಇದೆ, ಅಂದರೆ ಪಂಪಿಗೆ ಜೋಡಿಸಿ ಚಿಮ್ಮಿದ ಔಷಧವನ್ನು ಹಿಡಿದಿಡುವ ಪ್ಲಾಸ್ಟಿಕ್ ಕೊಳವೆ. ಮಕ್ಕಳಿಗೂ ವಯಸ್ಸಾದವರಿಗೂ ಅದಿಲ್ಲದೆ ಪಂಪು ಕೊಡುವುದು ಔಷಧವನ್ನು ವ್ಯರ್ಥ ಮಾಡಿದಂತೆಯೇ ಸರಿ. ಸ್ಪೇಸರನ್ನು ಸೋಪಿನ ನೀರಿನಲ್ಲಿ ತೊಳೆದ ಮೇಲೆ ಬಟ್ಟೆಯಿಂದ ಒರೆಸದೆ ಗಾಳಿಗೆ ಒಣಗಲು ಬಿಡಿ. ಉಜ್ಜಿದಾಗ ಪ್ಲಾಸ್ಟಿಕ್ಕಿನಲ್ಲಿ ಹುಟ್ಟುವ ಸ್ಥಿರ ವಿದ್ಯುತ್ತು ಔಷಧದ ಕಣಗಳನ್ನು ಗೋಡೆಗೆ ಅಂಟಿಸಿಕೊಳ್ಳುತ್ತದೆ.

ರೋಟಾಹೇಲರನ್ನು ಕುಲುಕಬೇಕಿಲ್ಲ. ಕ್ಯಾಪ್ಸೂಲಿನ ಪಾರದರ್ಶಕ ತುದಿ ಮೊದಲು ಒಳಹೋಗುವಂತೆ ಚೌಕ ರಂಧ್ರದಲ್ಲಿ ಇಟ್ಟು, ಬುಡವನ್ನು ತಿರುಗಿಸಿದರೆ ಅದು ಬಿಚ್ಚಿಕೊಳ್ಳುತ್ತದೆ. ಉಸಿರನ್ನು ಸಾಧನದಿಂದ ದೂರಕ್ಕೆ ಬಿಡಿ, ಏಕೆಂದರೆ ಬಾಯಿಯ ತೇವ ತಗುಲಿದ ಪುಡಿ ಗಂಟುಕಟ್ಟುತ್ತದೆ. ನಂತರ ರಭಸದಿಂದ, ಆಳವಾಗಿ ಎಳೆಯಬೇಕು; ಪುಡಿಯನ್ನು ಶ್ವಾಸಕೋಶಕ್ಕೆ ಒಯ್ಯುವುದು ನಿಮ್ಮ ಉಸಿರಿನ ವೇಗವೇ. ಸಾಧನವನ್ನು ತೆರೆದು ನೋಡಿ, ಕ್ಯಾಪ್ಸೂಲಿನಲ್ಲಿ ಪುಡಿ ಉಳಿದಿದ್ದರೆ ಇನ್ನೊಮ್ಮೆ ಎಳೆದುಕೊಳ್ಳಿ. ಈ ಕ್ಯಾಪ್ಸೂಲನ್ನು ನುಂಗಬಾರದು.

ಸ್ಟೀರಾಯ್ಡ್ ಇರುವ ಔಷಧ ಎಳೆದುಕೊಂಡ ಮೇಲೆ ಬಾಯಿ ಮುಕ್ಕಳಿಸಿ ಉಗುಳದಿದ್ದರೆ ನಾಲಿಗೆಯ ಮೇಲೆ ಬಿಳಿಯ ಶಿಲೀಂಧ್ರ ಬೆಳೆಯಬಹುದು, ದನಿಯೂ ಒಡೆಯಬಹುದು. ಇನ್‌ಹೇಲರ್ ಚಟವಾಗುತ್ತದೆಂಬ ಹೆದರಿಕೆಗೆ ಆಧಾರವಿಲ್ಲ. ಔಷಧದ ಪ್ರಮಾಣವೂ ಕಡಿಮೆಯೇ: ಶ್ವಾಸನಾಳವನ್ನು ಸಡಿಲಿಸುವ ಸಾಲ್ಬುಟಮಾಲ್ ಮಾತ್ರೆಯಲ್ಲಿ 2 ಅಥವಾ 4 ಮಿಲಿಗ್ರಾಂ ಇದ್ದರೆ, ಪಂಪಿನ ಒಂದು ಒತ್ತಿಗೆ ಬರುವುದು ಸಾಮಾನ್ಯವಾಗಿ 100 ಮೈಕ್ರೋಗ್ರಾಂ, ಅಂದರೆ 0.1 ಮಿಲಿಗ್ರಾಂ ಮಾತ್ರ. ಉಬ್ಬಸವಿಲ್ಲವೆಂದು ದಿನನಿತ್ಯದ ತಡೆ ಔಷಧವನ್ನು ತಾವಾಗಿಯೇ ನಿಲ್ಲಿಸುವುದು ನಿಜವಾಗಿ ಅಪಾಯಕರ. ಉಬ್ಬಸ ಬಂದಾಗ ಮಾತ್ರ ಬಳಸುವ ತುರ್ತಿನ ಪಂಪು ವಾರದಲ್ಲಿ ಎರಡಕ್ಕಿಂತ ಹೆಚ್ಚು ಸಲ ಬೇಕಾಗುತ್ತಿದ್ದರೆ ವೈದ್ಯರನ್ನು ಕಾಣಿರಿ. ಪಂಪು ಬಳಸಿದ ಮೇಲೂ ಒಂದು ವಾಕ್ಯ ಪೂರ್ತಿ ಆಡಲಾಗದಷ್ಟು ಏದುಸಿರು ಇದ್ದರೆ ಅಥವಾ ತುಟಿ ನೀಲಿಗಟ್ಟಿದರೆ, ಕಾಯದೆ 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಹೋಗಬೇಕು.