ಚಿನ್ನಸ್ವಾಮಿಗೆ ಮೆಟ್ರೋದಲ್ಲಿ ಹೋಗೋರು ವಾಪಸ್ ಬರೋ ದಾರಿ ಮೊದಲೇ ನೋಡ್ಕೊಳ್ಳಿ

ಚಿನ್ನಸ್ವಾಮಿ ಸ್ಟೇಡಿಯಂಗೆ ಮ್ಯಾಚ್ ನೋಡೋಕೆ ಹೊರಟಿದ್ರೆ ದಯವಿಟ್ಟು ಗಾಡಿ ಮನೇಲೇ ಬಿಟ್ಟು ಬನ್ನಿ. ಮ್ಯಾಚ್ ದಿನ ಕ್ವೀನ್ಸ್ ರೋಡು, ಕಬ್ಬನ್ ರೋಡು, ಎಂ.ಜಿ. ರೋಡು ಎಲ್ಲೂ ಪಾರ್ಕಿಂಗ್ ಬಿಡಲ್ಲ, ಎಲ್ಲೋ ದೂರ ನಿಲ್ಲಿಸಿ ಅಲ್ಲಿಂದ ನಡ್ಕೊಂಡೇ ಬರಬೇಕು, ಬೈಕಲ್ಲಿ ಬಂದ್ರಂತೂ ಹೆಲ್ಮೆಟ್ ಎಲ್ಲಿಡೋದು ಅನ್ನೋದೇ ದೊಡ್ಡ ತಲೆನೋವು, ಅದನ್ನ ಒಳಗೆ ಬಿಡಲ್ಲ.

ಹೋಗೋದು ಸುಲಭ. ಪರ್ಪಲ್ ಲೈನ್ ಹಿಡೀರಿ, ಕಬ್ಬನ್ ಪಾರ್ಕ್ ಸ್ಟೇಷನ್ನಲ್ಲಿ ಇಳೀರಿ, ಮೇಲೆ ಬಂದ್ರೆ ಸ್ಟೇಡಿಯಂ ಪಕ್ಕದಲ್ಲೇ. 2023ರ ಅಕ್ಟೋಬರಿಂದ ಚಲ್ಲಘಟ್ಟದಿಂದ ವೈಟ್‌ಫೀಲ್ಡ್ ತನಕ ಒಂದೇ ಟ್ರೈನು ಓಡ್ತಿದೆ, ಹಾಗಾಗಿ ಕೆಂಗೇರಿ, ವಿಜಯನಗರ, ಇಂದಿರಾನಗರ, ಕೆ.ಆರ್. ಪುರ ಕಡೆಯವರಿಗೆ ಚೇಂಜ್ ಮಾಡೋ ತಾಪತ್ರಯ ಇಲ್ಲ. ಜಯನಗರ, ಯಶವಂತಪುರ ಕಡೆಯವರು ಗ್ರೀನ್ ಲೈನಲ್ಲಿ ಬಂದು ಮೆಜೆಸ್ಟಿಕ್‌ನಲ್ಲಿ ಬದಲಾಯಿಸ್ಬೇಕು. ಎಲೆಕ್ಟ್ರಾನಿಕ್ ಸಿಟಿಯವರಿಗೆ 2025ರ ಆಗಸ್ಟಿಂದ ಯೆಲ್ಲೋ ಲೈನ್ ಇದೆ, ಆದ್ರೆ ಆರ್.ವಿ. ರೋಡಲ್ಲಿ ಒಂದ್ಸಲ, ಮೆಜೆಸ್ಟಿಕ್‌ನಲ್ಲಿ ಇನ್ನೊಂದ್ಸಲ ಇಳಿದು ಹತ್ತಬೇಕು, ಅದಕ್ಕೆ ಟೈಮ್ ಇಟ್ಕೊಂಡು ಹೊರಡಿ. ಮೈಸೂರು, ಮಂಡ್ಯ ಕಡೆಯಿಂದ ರೈಲಲ್ಲಿ ಬರೋರು ಕೆಎಸ್ಆರ್ ಸ್ಟೇಷನ್ ಹತ್ರಾನೇ ಮೆಟ್ರೋ ಹತ್ತಿದ್ರೆ ನಾಲ್ಕನೇ ಸ್ಟಾಪು ಕಬ್ಬನ್ ಪಾರ್ಕ್. ಹೆಬ್ಬಾಳದ ಕಡೆಯವರು ಬಿಎಂಟಿಸಿಯಲ್ಲಿ ಶಿವಾಜಿನಗರಕ್ಕೆ ಬಂದು ಅಲ್ಲಿಂದ ನಡೀಬಹುದು.

ರಾತ್ರಿ ಏಳೂವರೆ ಮ್ಯಾಚ್ ಅಂತ ಆರೂವರೆಗೆ ಟ್ರೈನ್ ಹತ್ತೋ ಪ್ಲಾನ್ ಬೇಡ, ಅದು ಆಫೀಸ್ ಬಿಡೋ ಹೊತ್ತು, ಪರ್ಪಲ್ ಲೈನಲ್ಲಿ ಕಾಲಿಡೋಕೂ ಜಾಗ ಇರಲ್ಲ. ಐದು ಗಂಟೆಗೆಲ್ಲ ಇಳಿದುಬಿಟ್ರೆ ನೆಮ್ಮದಿ. ಟಿಕೆಟ್ ಮೇಲೆ ಗೇಟ್ ನಂಬರ್ ಇರುತ್ತೆ, ಗೇಟುಗಳು ಸ್ಟೇಡಿಯಂ ಸುತ್ತ ಬೇರೆ ಬೇರೆ ರಸ್ತೇಲಿವೆ, ಜನ ಹೋಗ್ತಿರೋ ಕಡೆ ಹೋಗದೆ ಅಲ್ಲೇ ನಿಂತಿರೋ ಪೊಲೀಸರನ್ನ ಕೇಳಿ.

ಈಗ ಮುಖ್ಯ ವಿಷಯ, ವಾಪಸ್ ಬರೋದು. ಮ್ಯಾಚ್ ಮುಗಿದ ತಕ್ಷಣ ಸ್ಟೇಡಿಯಂ ಜನ ಎಲ್ಲ ಒಟ್ಟಿಗೆ ಕಬ್ಬನ್ ಪಾರ್ಕ್ ಸ್ಟೇಷನ್ನಿಗೇ ನುಗ್ತಾರೆ. ನೀವು ಅಲ್ಲಿಗೆ ಹೋಗ್ಬೇಡಿ. ನಿಮ್ಮ ಟ್ರೈನು ಕಬ್ಬನ್ ಪಾರ್ಕಿಗೆ ಬರೋಕೆ ಮುಂಚೆ ಯಾವ ಸ್ಟೇಷನ್ ದಾಟಿ ಬರುತ್ತೋ ಅಲ್ಲಿಗೆ ಹೋಗಿ ಹತ್ತಿ. ಅಂದ್ರೆ ಇಂದಿರಾನಗರ, ವೈಟ್‌ಫೀಲ್ಡ್ ಕಡೆ ಹೋಗೋರು ಹಿಂದಕ್ಕೆ ನಡೆದು ವಿಧಾನಸೌಧ ಸ್ಟೇಷನ್ನಲ್ಲಿ ಹತ್ಬೇಕು, ಮೆಜೆಸ್ಟಿಕ್, ಕೆಂಗೇರಿ ಕಡೆಯವರು ಎಂ.ಜಿ. ರೋಡ್ ಸ್ಟೇಷನ್ನಲ್ಲಿ. ತುಂಬಾ ಜನ ಇದನ್ನ ಉಲ್ಟಾ ಮಾಡ್ತಾರೆ, ವೈಟ್‌ಫೀಲ್ಡಿಗೆ ಹೋಗೋರು ಮುಂದಿನ ಸ್ಟೇಷನ್ ಅಂತ ಎಂ.ಜಿ. ರೋಡಿಗೆ ಓಡ್ತಾರೆ, ಅಷ್ಟರಲ್ಲಿ ಟ್ರೈನು ಕಬ್ಬನ್ ಪಾರ್ಕಲ್ಲೇ ತುಂಬಿ ಬಂದಿರುತ್ತೆ, ಬಾಗಿಲು ತೆಗೆದ್ರೂ ಒಳಗೆ ಹೋಗಕ್ಕಾಗಲ್ಲ.

ನಮ್ಮಪ್ಪಂಗೆ ಮೊಣಕಾಲು ನೋವು, ಆದ್ರೂ ಒಂದ್ಸಲ ಸ್ಟೇಡಿಯಂನಲ್ಲೇ ಕೂತು ಮ್ಯಾಚ್ ನೋಡ್ಬೇಕು ಅಂತ ಆಸೆ. ಮುಗಿದ ಮೇಲೆ ಅಂಬೇಡ್ಕರ್ ಬೀದೀಲಿ ಹೈಕೋರ್ಟ್ ಮುಂದೆ ನಿಧಾನಕ್ಕೆ ನಡ್ಕೊಂಡು ಹೋದ್ವಿ, ಎರಡು ಕಡೆ ಕೂತು ಸುಧಾರಿಸ್ಕೊಂಡ್ರು, ವಿಧಾನಸೌಧ ಸ್ಟೇಷನ್ನಲ್ಲಿ ಹತ್ತಿದಾಗ ಇಬ್ಬರಿಗೂ ಸೀಟ್ ಸಿಕ್ತು. ಮುಂದಿನ ಸ್ಟಾಪಲ್ಲಿ ಬಾಗಿಲು ತೆಗೆದಿದ್ದೇ ತಡ ಕೆಂಪು ಜೆರ್ಸಿಗಳು ಒಂದೇ ಸಲ ಒಳಗೆ ಬಂದ್ವು, ಕೆನ್ನೆ ಮೇಲೆ 18 ಅಂತ ಬರೆಸ್ಕೊಂಡಿದ್ದ ಪುಟ್ಟ ಹುಡುಗ ಅವರಪ್ಪನ ಹೆಗಲ ಮೇಲೆ ನಿದ್ದೆ ಹೋಗಿದ್ದ, ಅವರಪ್ಪ ಕಂಬ ಹಿಡಿಯೋಕೂ ಕೈ ಇಲ್ದೆ ಒದ್ದಾಡ್ತಿದ್ರು. ನಾನೆದ್ದು ಸೀಟ್ ಬಿಟ್ಟೆ. ಮಕ್ಕಳು, ವಯಸ್ಸಾದವರು ಜೊತೇಲಿದ್ರೆ ಈ ಹದಿನೈದು ನಿಮಿಷದ ನಡಿಗೆ ಖಂಡಿತ ಮಾಡಿ.

ಟೈಮ್ ವಿಷ್ಯ. ಬೇರೆ ದಿನ ಎರಡೂ ತುದಿಯಿಂದ ಕೊನೇ ಟ್ರೈನು ರಾತ್ರಿ ಹನ್ನೊಂದರ ಆಸುಪಾಸು ಹೊರಡುತ್ತೆ, ಐಪಿಎಲ್ ಮ್ಯಾಚ್ ಮುಗಿಯೋದೇ ಅಷ್ಟೊತ್ತಿಗೆ. ಮ್ಯಾಚ್ ದಿನ ಸಾಮಾನ್ಯವಾಗಿ ಟೈಮ್ ಮುಂದೂಡ್ತಾರೆ, ಆದ್ರೆ ಎಷ್ಟು ಹೊತ್ತಿನ ತನಕ ಅನ್ನೋದು ಬದಲಾಗುತ್ತೆ, ಮೆಟ್ರೋ ನಡೆಸೋ ಬಿಎಂಆರ್‌ಸಿಎಲ್‌ನ ಅವತ್ತಿನ ಪ್ರಕಟಣೆ ನೋಡ್ಕೊಂಡೇ ಹೊರಡಿ. 2024ರಲ್ಲಿ ವಾಪಸ್ ಬರೋಕೆ ಅಂತ 50 ರೂಪಾಯಿ ಪೇಪರ್ ಟಿಕೆಟ್ ಕೊಟ್ಟಿದ್ರು, ಅದು ಕಬ್ಬನ್ ಪಾರ್ಕ್ ಮತ್ತೆ ಎಂ.ಜಿ. ರೋಡಿಂದ ಹತ್ತೋಕೆ ಮಾತ್ರ, ಅಂಥದ್ದು ತಗೊಂಡ್ರೆ ಮೇಲೆ ಹೇಳಿದ ವಿಧಾನಸೌಧದ ಉಪಾಯ ನಡೆಯಲ್ಲ. ಮ್ಯಾಚ್ ದಿನ ಬಿಎಂಟಿಸಿನೂ ಸ್ಟೇಡಿಯಂ ಹತ್ರದಿಂದ ಸ್ಪೆಷಲ್ ಬಸ್ ಬಿಡೋದುಂಟು, ಮೆಟ್ರೋ ಇಲ್ಲದ ಸರ್ಜಾಪುರದಂಥ ಕಡೆಗೆ ಅದೇ ಒಳ್ಳೇದು.

ಟಿಕೆಟ್ ಇಲ್ದೆ ಸುಮ್ನೆ ಗೇಟ್ ಹತ್ರ ನೋಡೋಣ ಅಂತ ಮಾತ್ರ ಯಾರೂ ಹೋಗ್ಬೇಡಿ. 2025ರ ಜೂನ್ 4ರಂದು ಇದೇ ಗೇಟುಗಳ ಮುಂದೆ ಕಾಲ್ತುಳಿತದಲ್ಲಿ 11 ಜನ ತೀರ್ಕೊಂಡ್ರು, ಎಲ್ಲ ಚಿಕ್ಕ ವಯಸ್ಸಿನವರೇ. ಅವತ್ತು ಕಬ್ಬನ್ ಪಾರ್ಕ್, ವಿಧಾನಸೌಧ ಎರಡೂ ಕಡೆ ಟ್ರೈನ್ ನಿಲ್ಲಿಸದೆ ಓಡಿಸಿದ್ರು. ಜನ ಮಿತಿಮೀರಿದ್ರೆ ಹಾಗೆ ಮಾಡ್ತಾರೆ, ಆಗ ಗಲಾಟೆ ಮಾಡದೆ ಮುಂದಿನ ಸ್ಟೇಷನ್ನಲ್ಲಿ ಇಳ್ಕೊಳ್ಳಿ. ಎಲ್ಲೇ ನೂಕುನುಗ್ಗಲು ಶುರುವಾದ್ರೂ ಪಕ್ಕಕ್ಕೆ ಸರಿದು ಅರ್ಧ ಗಂಟೆ ಕಾಯಿರಿ.

ಇನ್ನೊಂದು, ಪವರ್ ಬ್ಯಾಂಕ್ ಒಳಗೆ ಬಿಡಲ್ಲ, ವಿಡಿಯೋ ತೆಗೆದು ತೆಗೆದು ರಾತ್ರಿ ಹನ್ನೊಂದಕ್ಕೆ ಫೋನ್ ಸತ್ತೋಗಿರುತ್ತೆ, ಆಗ ಫೋನಲ್ಲಿರೋ ಕ್ಯೂಆರ್ ಟಿಕೆಟ್ ಇದ್ದೂ ಇಲ್ಲದಂಗೆ. ಸ್ಮಾರ್ಟ್ ಕಾರ್ಡೇ ವಾಸಿ, ಹಿಂದಿನ ದಿನವೇ ಹೋಗಿಬರೋಕೆ ಸಾಲೋಷ್ಟು ರೀಚಾರ್ಜ್ ಮಾಡಿಟ್ಕೊಳ್ಳಿ, ಒಂದು ಕಾರ್ಡಲ್ಲಿ ಒಬ್ಬರೇ ಹೋಗೋಕಾಗೋದು, ಅದಕ್ಕೆ ಮನೇಲಿ ಎಷ್ಟು ಜನ ಹೊರಟಿದ್ದೀರೋ ಅಷ್ಟು ಕಾರ್ಡ್ ಜೇಬಲ್ಲಿರಲಿ.