ಮಕ್ಕಳ ಜೊತೆ ಕಾಗದದ ಗೂಡುದೀಪ: ಮೊದಲು ಬೆಳಕು, ಆಮೇಲೆ ಕತ್ತರಿ

ನಮ್ಮ ಮನೆಯಲ್ಲಿ ಗೂಡುದೀಪದ ಕೆಲಸ ಟಾರ್ಚಿನಿಂದ ಶುರುವಾಗುತ್ತದೆ. ಇರುವ ಕಾಗದವನ್ನೆಲ್ಲ ಗುಡ್ಡೆ ಹಾಕಿ, ಲೈಟ್ ಆರಿಸಿ, ಒಂದೊಂದನ್ನೇ ಟಾರ್ಚಿನ ಮುಂದೆ ಹಿಡಿದು ನೋಡುತ್ತೇವೆ. ಹಗಲಲ್ಲಿ ಮಿರಮಿರ ಮಿಂಚುವ ಗಿಫ್ಟ್ ಪೇಪರ್ ಕತ್ತಲಲ್ಲಿ ಬರೀ ಕಪ್ಪು. ಸಪ್ಪೆಯಾಗಿ ಕಾಣುವ ಬಿಳಿ ಟಿಶ್ಯೂ ಪೇಪರ್ ಆಗ ಬೆಳಗುತ್ತದೆ. ಮಕ್ಕಳಿಗೆ ಇದನ್ನು ಬಾಯಲ್ಲಿ ಹೇಳಿದರೆ ನಂಬುವುದಿಲ್ಲ, ಕಣ್ಣಾರೆ ನೋಡಿದ ಮೇಲೆ ಕಾಗದ ಆರಿಸುವ ಕೆಲಸ ಅವರದ್ದೇ.

ಇದೇ ಹೊತ್ತಿನಲ್ಲಿ ಒಂದು ಪುಟ್ಟ ಪ್ರಯೋಗವನ್ನೂ ಮಾಡಿಸುತ್ತೇನೆ. ಮಾಮೂಲಿ ಪ್ರಿಂಟರ್ ಹಾಳೆಯ ಮೇಲೆ ಹತ್ತಿಯಿಂದ ಒಂದಿಷ್ಟು ಎಣ್ಣೆ ಸವರುವುದು. ಸವರಿದಷ್ಟು ಜಾಗದಲ್ಲಿ ಮಾತ್ರ ಬೆಳಕು ಚೆನ್ನಾಗಿ ತೂರಿಬರುತ್ತದೆ. ಕಾಗದದ ನಾರುಗಳ ಮಧ್ಯೆ ಗಾಳಿ ಇರುತ್ತದೆ, ಅಲ್ಲಿ ಬೆಳಕು ಚೆದುರಿಹೋಗುತ್ತದೆ. ಎಣ್ಣೆ ಆ ಸಂದು ತುಂಬಿದರೆ ಚೆದುರುವುದು ಕಡಿಮೆಯಾಗುತ್ತದೆ. ಆದರೆ ಎಣ್ಣೆ ಹಚ್ಚಿದ ಕಾಗದಕ್ಕೆ ಅಂಟು ಹಿಡಿಯುವುದಿಲ್ಲ. ಹಾಗಾಗಿ ಅಂಟಿಸುವುದೆಲ್ಲ ಮುಗಿದ ಮೇಲೆಯೇ ಎಣ್ಣೆ.

ನಾಲ್ಕು ವರ್ಷದ ಮಗನಿಗೆ ಸೀಳು ದೀಪವೇ ಸರಿ. 120 ಜಿಎಸ್ಎಂನ, ಅಂದರೆ ಮಾಮೂಲಿ ಹಾಳೆಗಿಂತ ಕೊಂಚ ದಪ್ಪಗಿನ, ಎ4 ಬಣ್ಣದ ಹಾಳೆ ತೆಗೆದುಕೊಂಡು ಉದ್ದಕ್ಕೆ ಎರಡಾಗಿ ಮಡಚುತ್ತೇವೆ. ತೆರೆದ ಅಂಚಿನಿಂದ 2 ಸೆಂಟಿಮೀಟರ್ ಬಿಟ್ಟು ನಾನು ಗೆರೆ ಎಳೆದುಕೊಡುತ್ತೇನೆ. ಮಡಿಕೆಯ ಕಡೆಯಿಂದ ಆ ಗೆರೆಯವರೆಗೆ ಅವನು ಕತ್ತರಿಸುತ್ತಾನೆ. ಮಡಿಕೆಯ ಮೇಲೆ ಮುದ್ದಾಂ ಒಂದು ಚುಕ್ಕಿ ಇಟ್ಟುಕೊಡಿ, ಇಲ್ಲದಿದ್ದರೆ ಮಕ್ಕಳು ಇನ್ನೊಂದು ಕಡೆಯಿಂದ ಶುರುಮಾಡಿ ಹಾಳೆ ಚಿಂದಿಯಾಗುತ್ತದೆ. ಪಟ್ಟಿಗಳು ಒಂದೇ ಅಗಲ ಇರಬೇಕೆಂದೇನೂ ಇಲ್ಲ. ಬಿಡಿಸಿ, ಸುತ್ತಿ, ಎರಡು ತುದಿ ಕೂಡಿಸಿದರೆ ಕೊಳವೆ.

ಇಷ್ಟಕ್ಕೇ ನಿಲ್ಲಿಸಿದರೆ ಅದು ಸುಮ್ನೆ ಅಲಂಕಾರ. ಒಳಗೆ ಟ್ರೇಸಿಂಗ್ ಪೇಪರಿನ ಇನ್ನೊಂದು ಕೊಳವೆ ಬೇಕು. ಹೊರಗಿನದು 21 ಸೆಂಟಿಮೀಟರ್ ಎತ್ತರ ಇರುತ್ತದೆ, ಒಳಗಿನದನ್ನು 18ಕ್ಕೆ ಕತ್ತರಿಸಿ. ಮೇಲಿನ ಅಂಚಿಗೂ ಕೆಳಗಿನ ಅಂಚಿಗೂ ಸೇರಿಸಿ ಅಂಟಿಸಿದಾಗ ಹೊರಗಿನ ಪಟ್ಟಿಗಳು ತಾವಾಗಿಯೇ ಉಬ್ಬಿ ನಿಲ್ಲುತ್ತವೆ.

ಮಗಳಿಗೆ ಏಳು ವರ್ಷ, ಅವಳಿಗೆ ಬಲೂನಿನ ಮೇಲೆ ಅಂಟಿನಿಂದ ಕಾಗದ ಮೆತ್ತಿ ಮಾಡುವ ಬಲೂನು ದೀಪವೇ ಬೇಕು. ನಿಜ ಹೇಳಬೇಕೆಂದರೆ ನನಗೂ ಅದೇ ಇಷ್ಟ. ಒಂದು ಅಳತೆ ಮೈದಾಗೆ ಐದು ಅಳತೆ ನೀರು ಹಾಕಿ, ಗಂಟಾಗದಂತೆ ಕಾಯಿಸಿ, ಆರಿಸಿದರೆ ಸರಿ ಎನಿಸುವ ಅಂಟು ಸಿಗುತ್ತದೆ. ಬಿಳಿ ಗೋಂದಿಗೆ ಸಮ ಪ್ರಮಾಣ ನೀರು ಬೆರೆಸಿದರೂ ನಡೆಯುತ್ತದೆ, ಆದರೆ ಮೈದಾ ಅಂಟು ಕೈಗೆ ಮೆತ್ತಿದರೆ ತೊಳೆಯುವುದು ಸುಲಭ. ಬಲೂನನ್ನು ಪೂರ್ತಿ ಬಿಗಿಯಾಗುವಷ್ಟು ಊದಬೇಡಿ. ಒಂದು ಬಟ್ಟಲಿನ ಮೇಲೆ ಕೂರಿಸಿದರೆ ಉರುಳಾಡುವುದಿಲ್ಲ.

ಟಿಶ್ಯೂ ಪೇಪರನ್ನು ಕತ್ತರಿಸದೆ ಹರಿಯಿರಿ. ಹರಿದ ಅಂಚು ತೆಳ್ಳಗಿರುತ್ತದೆ, ಒಂದರ ಮೇಲೊಂದು ಬಂದಾಗ ಗೆರೆ ಎದ್ದು ಕಾಣುವುದಿಲ್ಲ. ಇಲ್ಲೊಂದು ಮಜಾ ಇದೆ. ಒಂದು ದಿಕ್ಕಿನಲ್ಲಿ ಹರಿದರೆ ನೇರ ಪಟ್ಟಿ ಬರುತ್ತದೆ, ಇನ್ನೊಂದು ದಿಕ್ಕಿನಲ್ಲಿ ಅಡ್ಡಾದಿಡ್ಡಿ. ಯಂತ್ರದಲ್ಲಿ ಕಾಗದ ತಯಾರಾಗುವಾಗ ನಾರುಗಳಲ್ಲಿ ಬಹುಪಾಲು ಒಂದೇ ದಿಕ್ಕಿಗೆ ಮಲಗಿರುತ್ತವೆ, ಅದಕ್ಕೇ ಹೀಗೆ. ನೇರ ದಿಕ್ಕು ಯಾವುದು ಅಂತ ಹುಡುಕುವುದರಲ್ಲೇ ಮಕ್ಕಳಿಗೆ ಅರ್ಧ ಆಟ ಮುಗಿಯುತ್ತದೆ.

ನಾಲ್ಕು ಪದರ ಬೇಕು. ಒಂದು ಪದರ ಬಿಳಿ, ಇನ್ನೊಂದು ತಿಳಿ ಹಳದಿ ಅಂತ ಬದಲಿಸುತ್ತಾ ಹೋದರೆ ಎಲ್ಲಿ ಬಿಟ್ಟುಹೋಗಿದೆ ಎಂದು ಮಗುವಿಗೇ ಗೊತ್ತಾಗುತ್ತದೆ, ನಾವು ಬೆನ್ನ ಹಿಂದೆ ನಿಂತು ಹೇಳಬೇಕಿಲ್ಲ. ಬಲೂನಿನ ಗಂಟಿನ ಸುತ್ತ ಕೈ ತೂರುವಷ್ಟು ಜಾಗ ಬಿಡಿ. ಆಮೇಲೆ ನೆರಳಿನಲ್ಲಿ ನೇತುಹಾಕಿ. ಬಿಸಿಲಿಗಿಟ್ಟರೆ ಒಳಗಿನ ಗಾಳಿ ಹಿಗ್ಗಿ ಹಸಿ ಕಾಗದ ಸೀಳುತ್ತದೆ.

ಪೂರ್ತಿ ಒಣಗಿತೋ ಇಲ್ಲವೋ ನೋಡಲು ಬೆರಳಲ್ಲಿ ತಟ್ಟಿ. ಟಕ್ ಟಕ್ ಎಂದರೆ ಆಗಿದೆ. ಸೂಜಿ ಚುಚ್ಚಿ ಢಂ ಅನಿಸುವ ಆಸೆ ಎಲ್ಲರಿಗೂ ಇರುತ್ತದೆ, ಬೇಡ. ಬಲೂನಿನ ಕತ್ತನ್ನು ಹಿಡಿದು ಗಂಟಿನ ಪಕ್ಕದಲ್ಲಿ ಸಣ್ಣಗೆ ಕತ್ತರಿಸಿ. ಗಾಳಿ ನಿಧಾನವಾಗಿ ಇಳಿಯುವಾಗ ರಬ್ಬರು ಕಾಗದದಿಂದ ಚರಚರ ಎಂದು ಬಿಟ್ಟುಕೊಳ್ಳುತ್ತದೆ. ನಮ್ಮ ಮಕ್ಕಳಿಬ್ಬರೂ ಕಿವಿ ಹಚ್ಚಿ ಕೂರುತ್ತಾರೆ. ಬಲೂನಿನ ಚೂರುಗಳನ್ನು ತಕ್ಷಣ ಎತ್ತಿಡಿ, ಸಣ್ಣ ಮಕ್ಕಳ ಗಂಟಲಿಗೆ ಸಿಕ್ಕಿಕೊಂಡರೆ ಕಷ್ಟ.

ದೀಪದ ವಿಷಯದಲ್ಲಿ ಮಾತ್ರ ನಾನು ಕಟ್ಟುನಿಟ್ಟು. ಮೇಣದಬತ್ತಿ ಇಲ್ಲವೇ ಇಲ್ಲ, ಎಲ್ಇಡಿ ಮಾತ್ರ. ಅದರಲ್ಲೂ ಬ್ಯಾಟರಿಯ ಮುಚ್ಚಳಕ್ಕೆ ಸ್ಕ್ರೂ ಇರುವಂಥದ್ದೇ ಬೇಕು. ಈ ಪುಟ್ಟ ದೀಪಗಳಲ್ಲಿ ಸಾಮಾನ್ಯವಾಗಿ ಸಿಆರ್2032 ಎಂಬ 20 ಮಿಲಿಮೀಟರ್ ಅಗಲದ ಗುಂಡಿ ಬ್ಯಾಟರಿ ಇರುತ್ತದೆ. ಮಗು ನುಂಗಿ ಅದು ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯೊಳಗೆ ಒಳಗೆಲ್ಲ ಸುಟ್ಟುಹೋಗಬಹುದು. ನುಂಗಿರಬಹುದು ಎಂಬ ಅನುಮಾನ ಬಂದರೂ ಕಾಯಬಾರದು, ಸೀದಾ ಆಸ್ಪತ್ರೆಗೆ.

ಬರೀ ಎಲ್ಇಡಿ ಇಟ್ಟರೆ ಬೆಳಕು ಒಂದು ಚುಕ್ಕಿಯಾಗಿ ಕಣ್ಣಿಗೆ ಚುಚ್ಚುತ್ತದೆ. ಅದರ ಸುತ್ತ ಟಿಶ್ಯೂ ತುಂಡೊಂದನ್ನು ಸಡಿಲವಾಗಿ ಸುತ್ತಿದರೆ ಹರಡಿಕೊಳ್ಳುತ್ತದೆ. ಹಾಗೇ, ದೀಪದ ಒಳಗೋಡೆಗೆ ರಟ್ಟಿನ ಮೀನೋ ಹಕ್ಕಿಯೋ ಅಂಟಿಸಿ ನೋಡಿ. ಹಗಲಲ್ಲಿ ಹೆಚ್ಚು ಕಾಣದು, ದೀಪ ಹಚ್ಚಿದ ಕೂಡಲೇ ಎದ್ದು ಬರುತ್ತದೆ. ಕಾಗದಕ್ಕೆ ತಾಗಿದಂತಿದ್ದರೆ ನೆರಳು ಚೂಪು, ದೂರ ಹೋದಷ್ಟೂ ಮಸುಕು.

ನೇತುಹಾಕಲು ಎರಡು ತೂತು ಸಾಲುವುದಿಲ್ಲ, ವಾಲುತ್ತದೆ. ಸಮ ಅಂತರದಲ್ಲಿ ಮೂರು ತೂತು ಮಾಡಿ, ತೂತಿನ ಜಾಗಕ್ಕೆ ಮೊದಲೇ ಟೇಪ್ ಅಂಟಿಸಿಕೊಳ್ಳಿ. ಸೀಳು ದೀಪದ ತುದಿಗಳನ್ನು ಅಂಟಿಸುವ ಬದಲು ಪೇಪರ್ ಕ್ಲಿಪ್ ಹಾಕಿದರೆ ಬಿಚ್ಚಿ, ಮಡಚಿ ಪುಸ್ತಕದಲ್ಲಿ ಇಡಬಹುದು. ಬಲೂನು ದೀಪ ಮಾತ್ರ ಜಾಗ ಕೇಳುತ್ತದೆ. ನಮ್ಮದು ಬೀರುವಿನ ಮೇಲೆ ಕೂತಿದೆ, ಒಳಗೆ ಮಗಳ ಬಣ್ಣದ ಪೆನ್ಸಿಲ್‌ಗಳು.